ಯಾವ ಮಾತ್ರೆ ಅಂತ ಆಮೇಲೆ, ಮೊದಲು ಯಾವ ಹಾರ್ಮೋನ್ ಅಂತ ಕೇಳಿ

ಮುಟ್ಟಿಗೆ ಮುಂಚೆ ಮುಖ, ಕಾಲು ಊದಿಕೊಳ್ಳುತ್ತವೆ, ಹಾರ್ಮೋನ್ ಏರುಪೇರು ಅಂದರು, ನೀರಿಳಿಸುವ ಮಾತ್ರೆ ಯಾವುದು ಒಳ್ಳೇದು, ನೀರು ಕಡಿಮೆ ಕುಡಿಯಬೇಕಾ ಅಂತ ಕೇಳಿದ್ದೀರಿ. ಮಾತ್ರೆಯ ಹೆಸರು ನಾನು ಹೇಳಲ್ಲ. ಅದನ್ನು ನುಂಗಿ ಒದ್ದಾಡಿದವಳು ನಾನು.

ಬೆಳಗ್ಗೆ ಎದ್ದರೆ ರೆಪ್ಪೆ ದಪ್ಪ, ಉಂಗುರ ಬೆರಳಲ್ಲೇ ಸಿಕ್ಕಿಕೊಳ್ಳೋದು, ಸಂಜೆಗೆ ಚಪ್ಪಲಿ ಬಿಗಿ. ಮನೆಯಲ್ಲಿ ಹಿರಿಯರೊಬ್ಬರಿಗೆ ಕೊಟ್ಟಿದ್ದ ಮಾತ್ರೆ ಇತ್ತು, ತಗೊಂಡೆ. ಮರುದಿನವೇ ತೂಕ ಇಳಿಯಿತು, ಇನ್ನೇನು ಬೇಕು ಅನ್ನಿಸಿತು. ಬಿಟ್ಟ ಮೇಲೆ ಊತ ಮೊದಲಿಗಿಂತ ಜೋರಾಗಿ ಬಂತು. ಬಂತು ಅಂತ ಮತ್ತೆ ನುಂಗಿದೆ. ಮಾತ್ರೆ ಉಪ್ಪು, ನೀರನ್ನು ಬಲವಂತವಾಗಿ ಹೊರಹಾಕಿದಾಗ ದೇಹ ಅಲ್ಡೋಸ್ಟೆರಾನ್ ಅನ್ನೋ ಹಾರ್ಮೋನ್ ಹೆಚ್ಚಿಸಿ, ಕಿಡ್ನಿಯಿಂದ ಉಪ್ಪು ಹೋಗದಂತೆ ತಡೆಯುತ್ತದೆ. ಮಾತ್ರೆ ನಿಂತರೂ ಆ ತಡೆ ಕೆಲಕಾಲ ಉಳಿಯುತ್ತದೆ. ಇಂಥ ಹಲವು ಮಾತ್ರೆಗಳಲ್ಲಿ ಪೊಟ್ಯಾಸಿಯಂ ಕೂಡ ಹೋಗುತ್ತದೆ. ಮೀನಖಂಡ ಸೆಟೆದುಕೊಂಡು ನಡುರಾತ್ರಿ ಎದ್ದು ಕೂರುತ್ತಿದ್ದೆ, ಎದೆ ಡವಡವ ಅನ್ನುತ್ತಿತ್ತು.

ಆದರೆ ನನಗೆ ದುಬಾರಿಯಾದ ತಪ್ಪು ಮಾತ್ರೆಯಲ್ಲ. ಮುಟ್ಟು ಮುಗಿದ ಮೇಲೆ ಊತ ಇಳೀತಾ ಅಂತ ನಾನು ನೋಡಲೇ ಇಲ್ಲ. ಮುಟ್ಟಿನ ಊತ ಮುಂಚಿನ ದಿನಗಳಲ್ಲಿ ಏರಿ, ಸಾಮಾನ್ಯವಾಗಿ ಸ್ರಾವ ಶುರುವಾಗುವ ಹೊತ್ತಿಗೆ ಅತಿ ಹೆಚ್ಚಾಗಿದ್ದು, ಆಮೇಲೆ ತಾನಾಗೇ ಇಳಿಯುತ್ತದೆ. ನನ್ನದು ಇಳಿಯುತ್ತಲೇ ಇರಲಿಲ್ಲ. ಮುಟ್ಟಿನ ಹತ್ತಿರ ಕನ್ನಡಿ ನೋಡಿ ಊತ ಅಂದೆ, ಉಳಿದ ದಿನ ಅದನ್ನೇ ಬೊಜ್ಜು ಅಂದೆ. ಸುಸ್ತಿಗೆ ಕೆಲಸದ ನೆಪ, ಕೂದಲು ಉದುರಿದ್ದಕ್ಕೆ ನೀರಿನ ನೆಪ, ಮಲಬದ್ಧತೆಗೆ ಊಟದ ನೆಪ. ಎಲ್ಲರಿಗಿಂತ ಮೊದಲು ನನಗೇ ಚಳಿಯಾಗುತ್ತಿದ್ದುದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಇವೆಲ್ಲ ಸೇರಿ ಒಂದೇ ಕಾಯಿಲೆ ಅಂತ ಹೊಳೆಯಲಿಲ್ಲ.

ಕೊನೆಗೆ ತೋರಿಸಿದ ಡಾಕ್ಟರ್ ಮೊಣಕಾಲ ಕೆಳಗಿನ ಮೂಳೆ ಮೇಲೆ ಹೆಬ್ಬೆರಳು ಒತ್ತಿಹಿಡಿದು ಬಿಟ್ಟರು. ಗುಳಿ ಬೀಳಲಿಲ್ಲ. ಬರೀ ನೀರು ತುಂಬಿದ ಊತದಲ್ಲಿ ಗುಳಿ ಸ್ವಲ್ಪ ಹೊತ್ತು ನಿಲ್ಲುತ್ತದಂತೆ. ಥೈರಾಯ್ಡ್ ಹಾರ್ಮೋನ್ ತೀರಾ ಕಡಿಮೆಯಾದಾಗ ಚರ್ಮದಡಿ ನೀರು ಹೀರುವ ಅಂಟಿನಂಥ ವಸ್ತು ಸೇರಿಕೊಳ್ಳುತ್ತದೆ, ಅದು ನೀರಿಳಿಸುವ ಮಾತ್ರೆಗೆ ಜಗ್ಗುವುದಿಲ್ಲ. ಟಿಎಸ್‌ಎಚ್ ಬಹಳ ಏರಿತ್ತು, ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ರಕ್ತದಲ್ಲಿ ಏರುವ ಹಾರ್ಮೋನ್ ಅದು. ಬೆಳಗ್ಗೆ ಖಾಲಿ ಹೊಟ್ಟೆಗೆ ಲಿವೋಥೈರಾಕ್ಸಿನ್ ಅನ್ನೋ ಥೈರಾಯ್ಡ್ ಹಾರ್ಮೋನಿನ ಮಾತ್ರೆ ಶುರುವಾಯಿತು. ಮುಖ ಮೊದಲಿನಂತಾಗಲು ತಿಂಗಳುಗಳೇ ಬೇಕಾದವು.

ಅದಕ್ಕೇ ಹೇಳೋದು, ‘ಹಾರ್ಮೋನ್ ಏರುಪೇರು’ ಅನ್ನೋದು ಕಾಯಿಲೆಯ ಹೆಸರೇ ಅಲ್ಲ. ಯಾವ ಹಾರ್ಮೋನ್, ಯಾವ ಪರೀಕ್ಷೆಯಲ್ಲಿ ಗೊತ್ತಾಯಿತು ಅಂತ ಹಾಗೆ ಅಂದವರನ್ನೇ ಕೇಳಿ. ಎರಡು ತಿಂಗಳು ಕ್ಯಾಲೆಂಡರಿನಲ್ಲಿ ಊತ, ತೂಕ, ಮುಟ್ಟು ಮೂರನ್ನೂ ಗುರುತು ಹಾಕಿ. ಮುಟ್ಟಾದ ಮೇಲೆ ಇಳಿದರೆ ಉಪ್ಪು ಕಡಿಮೆ ಮಾಡಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಅನ್ನುತ್ತದೆ, ಪ್ಯಾಕೆಟ್ ತಿಂಡಿಯಲ್ಲಿರೋದೂ ಅದರಲ್ಲೇ ಬಂತು. ನೀರು ಮಾತ್ರ ಬಿಡಬೇಡಿ, ಬಾಯಾರಿದಾಗ ಕುಡಿಯಿರಿ. ಇಳಿಯದಿದ್ದರೆ ಥೈರಾಯ್ಡ್ ಜೊತೆಗೆ ಕಿಡ್ನಿ ಪರೀಕ್ಷೆಯೂ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅನ್ನೋದೂ ಆಗಲಿ. ಐಬುಪ್ರೊಫೆನ್, ಬಿಪಿಯ ಆಮ್ಲೋಡಿಪಿನ್ ಕೂಡ ಊತ ತರುತ್ತವೆ, ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ.

ಒಂದೇ ಕಾಲು ಊದಿ ನೋವಿದ್ದರೆ, ಉಸಿರು ಕಟ್ಟಿದರೆ, ಅಥವಾ ಬಸುರಿಯಾಗಿದ್ದು ಮುಖ, ಕೈ ದಿಢೀರನೆ ಊದಿ ತಲೆನೋವು ಬಂದರೆ ಕ್ಯಾಲೆಂಡರ್ ನೋಡುತ್ತಾ ಕೂರಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.