ಒಂಬತ್ತನೇ ದಿನದ ಜ್ವರ

(ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ. ಸಮುದಾಯದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇವೆ.)

ಸಲಹೆಗೆಂದು ನಮ್ಮಲ್ಲಿಗೆ ಬಂದವರು ಮೂವರು: 26 ವರ್ಷದ ತಾಯಿ, ಆಕೆಯ ಅತ್ತೆ, ಅತ್ತೆಯ ತೊಡೆಯ ಮೇಲೆ 10 ತಿಂಗಳ ಹೆಣ್ಣುಮಗು. ಲಸಿಕೆ ಕೇಂದ್ರದವರು ಕಳಿಸಿದ ಚೀಟಿಯಲ್ಲಿ ಒಂದೇ ಸಾಲು: "ದಡಾರ-ರುಬೆಲ್ಲಾ ನಿರಾಕರಣೆ. ಮುಂದೆ ಮಕ್ಕಳಾಗುವುದಿಲ್ಲ ಎಂಬ ವದಂತಿ." ಇವರದು ಸುಮಾರು 40 ಮನೆಗಳ, ಒಂದೇ ಸಮುದಾಯದ ಬೀದಿ. ಎರಡು ವರ್ಷದಿಂದ ಅಲ್ಲಿ ಯಾರೂ ಮಕ್ಕಳಿಗೆ ಈ ಇಂಜೆಕ್ಷನ್ ಹಾಕಿಸಿರಲಿಲ್ಲ.

ಚೀಟಿ ನಂಬಿ ಮಾತು ಶುರು ಮಾಡಿದ್ದರೆ ಪ್ರಕರಣ ಅಲ್ಲೇ ಕೆಡುತ್ತಿತ್ತು. ಮೊದಲು ಕೇಳಿದ್ದು ಲಸಿಕೆ ಕಾರ್ಡು. 6, 10, 14ನೇ ವಾರದ ಸಾಲುಗಳಲ್ಲಿ ದಿನಾಂಕವೂ ಸಹಿಯೂ ಸರಿಯಾಗಿದ್ದವು. ಖಾಲಿ ಇದ್ದದ್ದು ದಡಾರ-ರುಬೆಲ್ಲಾ ಲಸಿಕೆಯ 9 ತಿಂಗಳ ಸಾಲು ಮಾತ್ರ. ಬಂಜೆತನದ ಭಯವೇ ನಿಜವಾದ ಕಾರಣವಾಗಿದ್ದರೆ ಮೊದಲ ಮೂರು ಬಾರಿ ಹಾಕಿಸುತ್ತಿದ್ದರೇ? ಜನ ಬಾಯಲ್ಲಿ ಹೇಳುವ ಕಾರಣ ಒಂದು, ಮನಸ್ಸಿನಲ್ಲಿ ಕೂತ ಕಾರಣ ಇನ್ನೊಂದು. ಊರೆಲ್ಲ ಆಡುವ ಮಾತನ್ನು ಹೇಳಿಬಿಡುವುದು ಸುಲಭ, ಏಕೆಂದರೆ ಅದಕ್ಕೆ ಯಾರೂ ಒಬ್ಬರೇ ಹೊಣೆಯಲ್ಲ.

"ಅಮ್ಮಾ, ಈ ಇಂಜೆಕ್ಷನ್ ಹಾಕಿಸಿದ ಮೇಲೆ ನಿಮ್ಮ ಕಣ್ಣಾರೆ ಏನಾದರೂ ನೋಡಿದ್ರಾ?" ಎಂದು ಅತ್ತೆಯನ್ನು ಕೇಳಲಾಯಿತು. ಅವರು ಸೊಸೆಯ ಮುಖ ನೋಡಿದರು.

"ನನ್ನ ಮೊಮ್ಮಗನಿಗೆ ಹಾಕಿಸಿದ್ವಲ್ಲ. ಒಂದ್ ದಿನ ಜ್ವರ ಬರುತ್ತೆ, ಹೋಗುತ್ತೆ ಅಂದ್ರು. ಮೊದಲ ವಾರ ಏನೂ ಬರಲಿಲ್ಲ. ಒಂಬತ್ತನೇ ದಿನ ಮೈ ಕೆಂಡ ಆಯ್ತು, ಕಣ್ಣು ಮೇಲೆ ಹೋಯ್ತು, ಕೈಕಾಲು ಎಳೆದುಕೊಂಡ. ಕೇಂದ್ರಕ್ಕೆ ಹೋಗಿ ಹೇಳಿದ್ರೆ, ಹಾಕಿಸಿ ಎಂಟು ದಿನ ಆದ್ಮೇಲೆ ಬಂದಿದ್ದು ನಮ್ಮ ಇಂಜೆಕ್ಷನ್ನಿಂದ ಅಲ್ಲ ಅಂದ್ಬಿಟ್ರು. ಚುಚ್ಚೋಕೆ ಮನೆ ಬಾಗಿಲಿಗೆ ಬರ್ತಾರೆ. ಮಗು ಹೆಂಗಿದೆ ಅಂತ ಕೇಳೋಕೆ ಒಬ್ರೂ ಬರಲಿಲ್ಲ."

ಇಲ್ಲಿ ತಪ್ಪಿದ್ದು ಅತ್ತೆಯಲ್ಲ, ಕೇಂದ್ರದವರು. ದಡಾರದ ಲಸಿಕೆಯಲ್ಲಿರುವುದು ಬಲ ಕುಗ್ಗಿಸಿದ ಜೀವಂತ ವೈರಸ್. ಅದು ಮೈಯಲ್ಲಿ ಸ್ವಲ್ಪ ಬೆಳೆದ ಮೇಲೆ ರೋಗನಿರೋಧಕ ಶಕ್ತಿ ಎಚ್ಚೆತ್ತುಕೊಳ್ಳುವುದರಿಂದ ಜ್ವರ ಕಾಣಿಸುವುದು ಸಾಮಾನ್ಯವಾಗಿ 7ರಿಂದ 12ನೇ ದಿನದೊಳಗೆ. 100 ಮಕ್ಕಳಲ್ಲಿ 5ರಿಂದ 15 ಮಕ್ಕಳಿಗೆ ಹೀಗೆ ಜೋರು ಜ್ವರ ಬರಬಹುದು. ಸುಮಾರು 3,000ದಿಂದ 4,000 ಡೋಸಿಗೆ ಒಂದರಂತೆ ಜ್ವರದ ಫಿಟ್ಸ್ ಕೂಡ ಬರುತ್ತದೆ. ನೋಡಿದವರ ಎದೆ ಒಡೆಯುವಂತಿದ್ದರೂ ಬಹುಪಾಲು ಮಕ್ಕಳಲ್ಲಿ ಅದು ಏನನ್ನೂ ಉಳಿಸದೆ ಹೋಗುತ್ತದೆ. "ಒಂದು ದಿನ ಜ್ವರ" ಎಂಬ ಮಾತು 6, 10, 14 ವಾರದ ಇಂಜೆಕ್ಷನ್‌ಗಳಿಗೆ ಸರಿ. ಅದೇ ಪಾಠವನ್ನು ಒಂಬತ್ತನೇ ತಿಂಗಳಲ್ಲೂ ಒಪ್ಪಿಸಿದ್ದೇ ಎಡವಟ್ಟು.

ಹಾಗಾಗಿ ಮೊದಲ ಭೇಟಿಯಲ್ಲಿ ಲಸಿಕೆ ಹಾಕಿಸಿ ಎಂಬ ಮಾತೇ ಬರಲಿಲ್ಲ. ಹೇಳಿದ್ದು ಇಷ್ಟು: "ನೀವು ನೋಡಿದ್ದು ಸರಿ. ಆ ಜ್ವರ, ಆ ಫಿಟ್ಸ್ ಲಸಿಕೆಯಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. ಅಲ್ಲ ಅಂದವರು ತಪ್ಪು ಹೇಳಿದ್ದಾರೆ." ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. ಇಂಥ ಒಪ್ಪಿಗೆ ಕೊಟ್ಟರೆ ಜನ ಇನ್ನಷ್ಟು ಹೆದರುತ್ತಾರೆ ಎಂಬುದು ಅನೇಕ ಕಾರ್ಯಕರ್ತರ ಅಳುಕು. ಮುಚ್ಚಿಟ್ಟಾಗಲೇ ಹೆದರಿಕೆ ಹೆಚ್ಚುವುದು. ಈ ಬೀದಿಯೇ ಸಾಕ್ಷಿ.

ಸಮುದಾಯಗಳ ಹಿಂಜರಿಕೆಯನ್ನು ಅಜ್ಞಾನ ಎಂದು ಬರೆದು ಫೈಲು ಮುಚ್ಚುವವರು ಇತಿಹಾಸವನ್ನೂ ನೋಡಬೇಕು. ನೈಜೀರಿಯಾದ ಕಾನೋದಲ್ಲಿ 2003ರಲ್ಲಿ ಪೋಲಿಯೋ ಹನಿಗೆ ಬಹಿಷ್ಕಾರ ಬಿತ್ತು. ಅದೇ ಊರಿನಲ್ಲಿ 1996ರ ಮೆದುಳುಜ್ವರದ ಹಾವಳಿಯ ನಡುವೆ ಒಂದು ಔಷಧ ಕಂಪನಿ ಮಕ್ಕಳ ಮೇಲೆ ನಡೆಸಿದ ಪ್ರಯೋಗ ಜನರಿಗೆ ಮರೆತಿರಲಿಲ್ಲ. ಬೇರೆ ಔಷಧಿ ಕೇಳಿದರೂ ಸಿಗದಿರುವಾಗ ಇದೊಂದನ್ನು ಮನೆಮನೆಗೆ ತಂದು ಪುಕ್ಕಟೆ ಕೊಡುವುದೇಕೆ ಎಂದು ಅಲ್ಲಿಯೂ ಕೇಳಿದರು. ಈ ಅತ್ತೆಯ ಮಾತೂ ಹೆಚ್ಚುಕಡಿಮೆ ಅದೇ. ಭಾರತದಲ್ಲಿ 1976ರ ಬಲವಂತದ ಸಂತಾನಹರಣ ಚಿಕಿತ್ಸೆಯ ನೆನಪು ದಶಕಗಳ ನಂತರ ಪೋಲಿಯೋ ಹನಿಯ ಮೇಲಿನ ಅನುಮಾನವಾಗಿ ಎದ್ದಿತು. ಪಾಕಿಸ್ತಾನದ ಅಬೊಟ್ಟಾಬಾದ್‌ನಲ್ಲಿ ಬಿನ್ ಲಾದೆನ್‌ನ ಹುಡುಕಾಟಕ್ಕೆಂದು ಹೆಪಟೈಟಿಸ್ ಬಿ ಲಸಿಕೆಯ ಸೋಗು ಹಾಕಿದ್ದು 2011ರಲ್ಲಿ ಬಯಲಾಯಿತು. ಅದಕ್ಕೆ ಬೆಲೆ ತೆತ್ತವರು ಲಸಿಕೆ ಕಾರ್ಯಕರ್ತರು. ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾದಲ್ಲಿ 2018ರಲ್ಲಿ ಲಸಿಕೆ ಪುಡಿಗೆ ದ್ರಾವಕದ ಬದಲು ಸ್ನಾಯು ಸಡಿಲಿಸುವ ಔಷಧಿ ಬೆರೆಸಿ ಎರಡು ಹಸುಗೂಸುಗಳು ಸತ್ತವು. ಜನ ಲಸಿಕೆಯಿಂದ ದೂರ ಸರಿದರು. ಮರುವರ್ಷ ಬಂದ ದಡಾರಕ್ಕೆ 83 ಮಂದಿ ಬಲಿಯಾದರು, ಬಹುತೇಕ ಚಿಕ್ಕ ಮಕ್ಕಳು.

ಎರಡನೇ ಭೇಟಿಯಲ್ಲಿ ಸೊಸೆಯೇ ಕೇಳಿದಳು: "ಇವಳಿಗೂ ಅಣ್ಣನ ಥರ ಆದ್ರೆ?" ಅಣ್ಣನಿಗೆ ಬಂದಿರುವುದರಿಂದ ತಂಗಿಗೆ ಬರುವ ಸಾಧ್ಯತೆ ತುಸು ಹೆಚ್ಚೇ ಎಂದು ನೇರವಾಗಿ ಹೇಳಿ, ಅದು ಲಸಿಕೆ ಬೇಡವೆನ್ನಲು ಕಾರಣವಲ್ಲವೆಂದೂ ವಿವರಿಸಲಾಯಿತು. ದಡಾರವೇ ಬಂದರೆ ಸುಮಾರು 20ರಲ್ಲಿ ಒಂದು ಮಗುವಿಗೆ ನ್ಯುಮೋನಿಯಾ, ಸುಮಾರು 1,000ಕ್ಕೆ ಒಂದು ಮಗುವಿಗೆ ಮೆದುಳಿನ ಉರಿಯೂತ. "ಸ್ವಲ್ಪ ದೊಡ್ಡವಳಾಗಲಿ, ಆಮೇಲೆ ಹಾಕಿಸೋಣ" ಎಂಬ ಲೆಕ್ಕ ಇಲ್ಲಿ ತಿರುಗುಬಾಣ. 15 ತಿಂಗಳು ದಾಟಿದ ಮೇಲೆ ಮೊದಲ ಡೋಸ್ ಹಾಕಿದರೆ ಜ್ವರದ ಫಿಟ್ಸ್‌ನ ಸಂಭವ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಆಮೇಲೆ ಕೊಟ್ಟ ಸಲಹೆ ಪೂರ್ತಿ ಕೈಕೆಲಸದ್ದು. ಇಂಜೆಕ್ಷನ್ ದಿನ ಅತ್ತೆಯೇ ಮಗುವನ್ನು ಎತ್ತಿಕೊಂಡಿರಲಿ, ಬಾಟಲಿ ತೋರಿಸಿ ಎಂದು ಕೇಳಲಿ. ನರ್ಸ್‌ಗೆ ಮೊದಲೇ ತಿಳಿಸಿರುತ್ತೇವೆ. ಬಾಟಲಿ ತೆರೆಯುವ ಮುನ್ನ ಅದರ ಮೇಲಿನ ಗುರುತು ನೋಡಬೇಕು: ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಸರಿಯಾದ ತಂಪಿನಲ್ಲಿತ್ತು ಎಂದರ್ಥ. ಬೆರೆಸುವ ದ್ರಾವಕ ಆ ಲಸಿಕೆಯ ಜೊತೆಗೇ ಬಂದದ್ದಾಗಿರಬೇಕು. ಬೆರೆಸಿದ ಸಮಯವನ್ನು ಬಾಟಲಿಯ ಮೇಲೆ ಬರೆದಿರಬೇಕು. 6 ಗಂಟೆ ಮೀರಿದ್ದನ್ನು ಯಾವ ಕಾರಣಕ್ಕೂ ಹಾಕಿಸಿಕೊಳ್ಳಬಾರದು, ಇನ್ನೂ ಕಡಿಮೆ ಅವಧಿ ನಿಗದಿಯಾಗಿರುವ ಕಡೆ ಆ ಕಡಿಮೆ ಅವಧಿಯೇ ಲೆಕ್ಕ. ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು.

ಜ್ವರದ ಔಷಧಿ ಮೊದಲೇ ಕುಡಿಸಬೇಡಿ. ಅದು ಫಿಟ್ಸ್ ತಡೆಯುತ್ತದೆಂಬ ಖಾತ್ರಿಯಿಲ್ಲ, ಮಗುವಿನ ಸಂಕಟ ತಗ್ಗಿಸುವುದಷ್ಟೇ ಅದರ ಕೆಲಸ. ಪ್ಯಾರಾಸಿಟಮಾಲ್ ಪ್ರಮಾಣ ಒಂದು ಕೆಜಿ ತೂಕಕ್ಕೆ 10ರಿಂದ 15 ಮಿಲಿಗ್ರಾಂ; 8 ಕೆಜಿಯ ಈ ಮಗುವಿಗೆ ಒಂದು ಸಲಕ್ಕೆ ಹೆಚ್ಚೆಂದರೆ 120 ಮಿಲಿಗ್ರಾಂ, 6 ಗಂಟೆಗೊಮ್ಮೆ, ದಿನಕ್ಕೆ 4 ಸಲ ಮೀರದಂತೆ. ಎಡವುವುದು ಬಾಟಲಿಯಲ್ಲಿ. 5 ಮಿಲಿಯಲ್ಲಿ 120 ಮಿಲಿಗ್ರಾಂ ಇರುವ ಸಿರಪ್ ಆದರೆ 5 ಮಿಲಿ ಸರಿ. 1 ಮಿಲಿಯಲ್ಲೇ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ 1.2 ಮಿಲಿ ಸಾಕು; ಅದನ್ನೂ 5 ಮಿಲಿ ಕುಡಿಸಿದರೆ 500 ಮಿಲಿಗ್ರಾಂ ಹೊಟ್ಟೆ ಸೇರುತ್ತದೆ. ಮನೆಯಲ್ಲಿದ್ದ ಬಾಟಲಿಯನ್ನೇ ತರಿಸಿ ಲೇಬಲ್ ಓದಿಸಿದಾಗ ಅದು ಡ್ರಾಪ್ಸ್ ಆಗಿತ್ತು. ಚಮಚ ಬಿಡಿಸಿ, ಗೆರೆ ಹಾಕಿದ ಸಿರಿಂಜ್ ಕೈಗೆ ಕೊಟ್ಟು ನೀರಿನಲ್ಲಿ ಮೂರು ಸಲ ಅಳತೆ ಮಾಡಿಸಲಾಯಿತು.

ಫಿಟ್ಸ್ ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚ, ಬೆರಳು, ನೀರು ಏನನ್ನೂ ಹಾಕದೆ, ಮೊದಲು ಗಡಿಯಾರ ನೋಡಿ. 5 ನಿಮಿಷಕ್ಕೆ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆ. ಬೇಗ ನಿಂತರೂ ಆ ದಿನವೇ ವೈದ್ಯರಿಗೆ ತೋರಿಸಬೇಕು.

ಕೇಂದ್ರದವರಿಗೆ ಕೊಟ್ಟ ಸಲಹೆ ಇದಕ್ಕಿಂತ ಮುಖ್ಯ. ಇಂಜೆಕ್ಷನ್ ಹಾಕಿದ ಮರುದಿನ, ಆಮೇಲೆ 7, 9 ಮತ್ತು 12ನೇ ದಿನ ಮನೆಗೆ ಫೋನ್ ಮಾಡಬೇಕು. ಎಲ್ಲ ಸಲವೂ ಒಬ್ಬರೇ ಮಾತಾಡಬೇಕು, ಮಾತು ಮಗುವಿನದ್ದೇ ಆಗಿರಬೇಕು.

ನಡುವೆ ಒಂದು ಅವಾಂತರವೂ ಆಯಿತು. ಕೇಂದ್ರದವರು ಉತ್ಸಾಹದಲ್ಲಿ ಬೀದಿಗೆಲ್ಲ ಕರಪತ್ರ ಹಂಚಿದರು. ಮೇಲೆ ದಪ್ಪಕ್ಷರದಲ್ಲಿ "ಲಸಿಕೆಯಿಂದ ಬಂಜೆತನ?", ಕೆಳಗೆ ಸಣ್ಣಕ್ಷರದಲ್ಲಿ "ಇಲ್ಲ". ವದಂತಿ ಕೇಳಿರದ ಮನೆಗಳಿಗೂ ಅದು ತಲುಪಿತು. ಸುಳ್ಳನ್ನು ಅಲ್ಲಗಳೆಯುವಾಗ ನಿಜವೇ ದಪ್ಪಕ್ಷರದಲ್ಲಿರಬೇಕು, ಸುಳ್ಳಿಗೆ ಒಂದೇ ಸಲ ಜಾಗ. ಯಾರೂ ಕೇಳದೇ ಇದ್ದರೆ ಅದೂ ಬೇಡ.

ಹನ್ನೊಂದನೇ ತಿಂಗಳಲ್ಲಿ ಮಗುವಿಗೆ ಇಂಜೆಕ್ಷನ್ ಆಯಿತು. 8ನೇ ದಿನ 38.6 ಡಿಗ್ರಿ ಸೆಲ್ಸಿಯಸ್ ಜ್ವರ ಬಂತು, ಫಿಟ್ಸ್ ಬರಲಿಲ್ಲ. 9ನೇ ದಿನ ಫೋನ್ ಎತ್ತಿದ್ದು ಅತ್ತೆ. "ನೀವು ಹೇಳಿದ ಲೆಕ್ಕಕ್ಕೇ ಬಂತು ನೋಡಿ, 1.2 ಹಾಕಿದ್ವಿ" ಎಂದರು. ಪಕ್ಕದ ಮನೆಯವರು ಅವರಿಂದಲೇ ದಿನಗಳ ಲೆಕ್ಕ ಬರೆಸಿಕೊಂಡು ಹೋಗಿದ್ದಾರೆ. ಬೀದಿಯ ಹಿರಿಯರು ಇನ್ನೂ ಒಪ್ಪಿಲ್ಲ.

ಮೊಮ್ಮಗನ ಎರಡನೇ ಡೋಸ್ ಬಾಕಿಯಿದೆ. ಮೊದಲ ಡೋಸ್ ಕೆಲಸ ಮಾಡಿದ್ದರೆ ಎರಡನೆಯದಕ್ಕೆ ಇಂಥ ಜ್ವರ ಬರುವುದು ಅಪರೂಪ ಎಂದು ತಿಳಿಸಲಾಗಿದೆ. ಅತ್ತೆ ಒಂದು ತಿಂಗಳು ಸಮಯ ಕೇಳಿದ್ದಾರೆ, ಕೊಟ್ಟಿದ್ದೇವೆ. ಫೈಲು ತೆರೆದೇ ಇದೆ.