ಓದುಗರ ಪ್ರಶ್ನೆ: ಸಲಿಬಾ ಮೂರು ವರ್ಷ ಕಾದದ್ದೇಕೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಬ್ಬರೇ ಆಟಗಾರರ ಬಗ್ಗೆ: ಲಂಡನ್ನಿನ ಆರ್ಸೆನಲ್ ಕ್ಲಬ್‌ನ ಫ್ರೆಂಚ್ ಸೆಂಟರ್ ಬ್ಯಾಕ್ (ಡಿಫೆನ್ಸ್ ಸಾಲಿನ ನಡುವೆ ಆಡುವವರು) ವಿಲಿಯಂ ಸಲಿಬಾ. ಹೊಸಬರಿಗಾಗಿ ಎರಡು ಸಾಲು. ಹುಟ್ಟಿದ್ದು 2001ರ ಮಾರ್ಚ್ 24ರಂದು, ಪ್ಯಾರಿಸ್ ಮಗ್ಗುಲಿನ ಬೊಂಡಿಯಲ್ಲಿ. ಫ್ರಾನ್ಸ್ ತಂಡದ ತಾರೆ ಎಂಬಾಪೆಯ ಊರೂ ಅದೇ. ಸಲಿಬಾಗೆ ಚಿಕ್ಕಂದಿನಲ್ಲಿ ಅಲ್ಲಿ ಕೋಚ್ ಆಗಿದ್ದವರು ಎಂಬಾಪೆಯ ತಂದೆ. ಎತ್ತರ 1.92 ಮೀಟರ್, ಬಲಗಾಲಿನ ಆಟಗಾರ.

ಪ್ರಶ್ನೆ: ಆರ್ಸೆನಲ್ 2019ರಲ್ಲೇ ದುಡ್ಡು ಕೊಟ್ಟು ಕೊಂಡ ಆಟಗಾರ 2022ರ ಆಗಸ್ಟ್‌ವರೆಗೆ ಆ ತಂಡಕ್ಕೆ ಒಂದೂ ಪಂದ್ಯ ಆಡಲಿಲ್ಲ. ಗಾಯವೇ, ಕೋಚ್‌ಗೆ ಇಷ್ಟವಿರಲಿಲ್ಲವೇ? (ದಾವಣಗೆರೆ)

ಗಾಯದ ಪಾಲು ಸಣ್ಣದು. ಹೆಚ್ಚಿನದೆಲ್ಲ ಪಟ್ಟಿ ಮತ್ತು ಕರಾರುಗಳ ಕಥೆ.

2019ರ ಜುಲೈನಲ್ಲಿ ಸುಮಾರು 2.7 ಕೋಟಿ ಪೌಂಡ್‌ಗೆ ಆರ್ಸೆನಲ್ ಸಲಿಬಾ ಅವರನ್ನು ಕೊಂಡಿತು. ಒಂದು ವರ್ಷದ ಮಟ್ಟಿಗೆ ಅವರು ಆಡುತ್ತಿದ್ದ ಫ್ರೆಂಚ್ ಕ್ಲಬ್ ಸೆಂಟ್ ಎಟಿಯೆನ್‌ಗೇ ಲೋನ್ (ಎರವಲು) ಮೇಲೆ ಬಿಟ್ಟುಕೊಟ್ಟಿತು. ಆ ವರ್ಷ ಪಾದದ ಮೂಳೆ ಮುರಿಯಿತು, ನಂತರ ಕೋವಿಡ್ ಬಂದು ಫ್ರೆಂಚ್ ಲೀಗೇ ನಿಂತುಹೋಯಿತು. ಲೀಗ್‌ನಲ್ಲಿ ಆಡಲು ಸಿಕ್ಕಿದ್ದು 12 ಪಂದ್ಯ. ಫ್ರೆಂಚ್ ಕಪ್ ಫೈನಲ್ ಜುಲೈ 24ಕ್ಕೆ ಮುಂದೆ ಹೋಯಿತು, ಆದರೆ ಲೋನ್ ಜೂನ್ ಕೊನೆಗೇ ಮುಗಿದಿತ್ತು. ವಿಸ್ತರಣೆಯ ಮಾತು ಎರಡು ಕ್ಲಬ್‌ಗಳ ನಡುವೆ ಕುದುರಲಿಲ್ಲ. ಹೀಗಾಗಿ ಪಿಎಸ್‌ಜಿ ಎದುರಿನ ಆ ಫೈನಲ್ ಸಲಿಬಾಗೆ ತಪ್ಪಿತು.

ಲಂಡನ್‌ಗೆ ಬಂದಾಗ ಅವರನ್ನು ಕೊಂಡಾಗಿದ್ದ ಕೋಚ್ ಎಮೆರಿ ಇರಲಿಲ್ಲ, ಅರ್ಟೆಟಾ ಬಂದಿದ್ದರು. ತಂಡದಲ್ಲಿ ಆಗ ಸೆಂಟರ್ ಬ್ಯಾಕ್‌ಗಳೇ ಎಂಟು ಮಂದಿ. ಪ್ರೀಮಿಯರ್ ಲೀಗ್‌ನಲ್ಲಿ 21ರೊಳಗಿನ ಆಟಗಾರರಿಗೆ 25 ಮಂದಿಯ ನೋಂದಣಿ ಪಟ್ಟಿಯಲ್ಲಿ ಜಾಗ ಬೇಡ, ಹಾಗೆಯೇ ಆಡಿಸಬಹುದು. ಯುರೋಪಿನ ಕ್ಲಬ್‌ಗಳ ಎರಡನೇ ದರ್ಜೆಯ ಟೂರ್ನಿಯಾದ ಯುರೋಪಾ ಲೀಗ್‌ನಲ್ಲಿ ಹಾಗಲ್ಲ. ಅಲ್ಲಿ ಕಿರಿಯರ 'ಬಿ' ಪಟ್ಟಿ ಸೇರಲು 15 ತುಂಬಿದ ಮೇಲೆ ಅದೇ ಕ್ಲಬ್‌ನಲ್ಲಿ ಸತತ ಎರಡು ವರ್ಷ ಇರಬೇಕು. ಸಲಿಬಾ ಆಗಷ್ಟೇ ಬಂದವರು. ವಯಸ್ಸು 19 ಆದರೂ ಹಿರಿಯರ 'ಎ' ಪಟ್ಟಿಯ ಜಾಗವನ್ನೇ ತಿನ್ನುತ್ತಿದ್ದರು. ಕ್ಲಬ್ ಅವರನ್ನು ಆ ಪಟ್ಟಿಯಿಂದ ಕೈಬಿಟ್ಟಿತು. ಹೊಸ ಡಿಫೆಂಡರ್‌ಗೆ ಕೈ ಪಳಗಿಸಲು ಯುರೋಪಾದ ಗುಂಪು ಹಂತಕ್ಕಿಂತ ಒಳ್ಳೆಯ ಜಾಗವಿಲ್ಲ, ಅದೇ ಬಾಗಿಲು ಮುಚ್ಚಿತು. ನಮ್ಮ ಲೆಕ್ಕದಲ್ಲಿ ಅದು ಆರ್ಸೆನಲ್ ಮಾಡಿದ ತಪ್ಪು.

2021ರ ಜನವರಿಯಲ್ಲಿ ನೀಸ್‌ಗೆ, ಆ ಬೇಸಿಗೆಯಲ್ಲಿ ಮಾರ್ಸೇಲ್‌ಗೆ ಲೋನ್. ಮಾರ್ಸೇಲ್‌ನಲ್ಲಿ ಒಂದೇ ಋತುವಿನಲ್ಲಿ ಎಲ್ಲ ಟೂರ್ನಿ ಸೇರಿ 52 ಪಂದ್ಯ, ಲೀಗ್‌ನ ವರ್ಷದ ಯುವ ಆಟಗಾರ ಪ್ರಶಸ್ತಿ, 2022ರ ಮಾರ್ಚ್‌ನಲ್ಲಿ ಅದೇ ಊರಿನ ಮೈದಾನದಲ್ಲಿ ಫ್ರಾನ್ಸ್ ಪರ ಮೊದಲ ಪಂದ್ಯ. ಆಮೇಲೆ ಬೆಂಚಿನಲ್ಲಿ ಕೂರಿಸುವ ಮಾತೇ ಬರಲಿಲ್ಲ. ದುಬಾರಿ ಬೆಲೆಯ ಬೆನ್ ವೈಟ್ ಅವರನ್ನೇ ರೈಟ್ ಬ್ಯಾಕ್‌ಗೆ ಸರಿಸಿ ಸಲಿಬಾಗೆ ಜಾಗ ಮಾಡಿದರು.

ಪ್ರಶ್ನೆ: ಸಲಿಬಾ ನೆಲಕ್ಕೆ ಬಿದ್ದು ಟ್ಯಾಕಲ್ ಮಾಡುವುದೇ ಅಪರೂಪ. ಟ್ಯಾಕಲ್ ಮಾಡದ ಡಿಫೆಂಡರ್ ಒಳ್ಳೆಯವನು ಹೇಗಾಗುತ್ತಾನೆ? (ಮಂಗಳೂರು)

ನೆಲಕ್ಕೆ ಬಿದ್ದ ಡಿಫೆಂಡರ್ ಆ ಕ್ಷಣಕ್ಕೆ ಆಟದಿಂದ ಹೊರಗೆ. ಏಳುವಷ್ಟರಲ್ಲಿ ಚೆಂಡು ದಾಟಿರುತ್ತದೆ. ಸಲಿಬಾ ಮಾಡುವುದು ಕಾಯುವ ಕೆಲಸ. ಎದುರಾಳಿಗೆ ನೇರ ಮುಖ ಕೊಡದೆ ಅರ್ಧ ಓರೆಯಾಗಿ, ಮಂಡಿ ಬಗ್ಗಿಸಿ, ಒಂದೂವರೆ–ಎರಡು ಮೀಟರ್ ಅಂತರದಲ್ಲಿ ಹಿಂದೆ ಹಿಂದೆ ಸರಿಯುತ್ತಾರೆ. ಹೆಜ್ಜೆ ಚಿಕ್ಕದು, ಕಾಲು ಕಾಲಿಗೆ ಅಡ್ಡ ಬರಬಾರದು, ಕಣ್ಣು ಚೆಂಡಿನ ಮೇಲೆ. ಫಾರ್ವರ್ಡ್ ಚೆಂಡನ್ನು ಒಂದು ಗೇಣು ಹೆಚ್ಚು ಮುಂದೆ ತಳ್ಳಿದ ಕ್ಷಣ ಚೆಂಡಿಗೂ ಅವನಿಗೂ ನಡುವೆ ಭುಜ ತೂರಿಸಿ ಮೈ ಅಡ್ಡ ಇಡುತ್ತಾರೆ. ಓಟದ ವೇಗ ಇರುವುದರಿಂದ ಈ ತಾಳ್ಮೆ ಅವರಿಗೆ ಒಪ್ಪುತ್ತದೆ. ನಿಧಾನದ ಡಿಫೆಂಡರ್ ಅಷ್ಟೇ ಹೊತ್ತು ಕಾದರೆ ಎದುರಾಳಿ ಚೆಂಡನ್ನು ಪಕ್ಕದಿಂದ ದಾಟಿಸಿಕೊಂಡು ಹೋಗುತ್ತಾನೆ.

ಇದು ಕೈಕೊಡುವುದೂ ಉಂಟು. 2024ರ ಅಕ್ಟೋಬರ್ 19ರಂದು ಬೋರ್ನ್‌ಮತ್ ಎದುರು ಆರ್ಸೆನಲ್‌ನ ಟ್ರೋಸಾರ್ಡ್ ಕೊಟ್ಟ ಕೆಟ್ಟ ಪಾಸ್ ಹಿಂದೆ ಎದುರಾಳಿ ಫಾರ್ವರ್ಡ್ ಎವಾನಿಲ್ಸನ್ ಓಡಿದರು. ಸಲಿಬಾ ಒಳಬದಿಯ ಜಾಗ ಕಳೆದುಕೊಂಡಿದ್ದರು. 30ನೇ ನಿಮಿಷದಲ್ಲಿ ಎವಾನಿಲ್ಸನ್ ಅವರನ್ನು ಎಳೆದು ಕೆಡವಿದರು. ರೆಫರಿ ಮೊದಲು ತೋರಿಸಿದ್ದು ಹಳದಿ ಕಾರ್ಡ್. ವಿಎಆರ್ (ವಿಡಿಯೊ ನೋಡುವ ಸಹಾಯಕ ರೆಫರಿ) ಕರೆದ ಮೇಲೆ ಕೆಂಪಾಯಿತು. ಇಂಥ ಫೌಲ್‌ಗೆ ಕೆಂಪು ಕಾರ್ಡ್ ಕೊಡಬೇಕೇ ಎಂದು ನೋಡುವುದು ನಾಲ್ಕು ಅಂಶ: ಗೋಲ್‌ಗೆ ಎಷ್ಟು ದೂರ, ಆಟ ಯಾವ ದಿಕ್ಕಿಗೆ ಹೋಗುತ್ತಿತ್ತು, ಚೆಂಡು ಅವನ ಹಿಡಿತಕ್ಕೆ ಬರುವ ಸಾಧ್ಯತೆ ಎಷ್ಟು, ಉಳಿದ ಡಿಫೆಂಡರ್‌ಗಳು ಎಲ್ಲಿದ್ದರು. ದೂರ ಹೆಚ್ಚಿತ್ತು ಎಂದು ಹಲವರು ವಾದಿಸಿದರು, ಆದರೆ ವೈಟ್ ಅಲ್ಲಿಗೆ ತಲುಪುತ್ತಿರಲಿಲ್ಲ ಎಂಬುದು ನಿರ್ಣಾಯಕವಾಯಿತು. ಆರ್ಸೆನಲ್ 0–2ರಲ್ಲಿ ಸೋತಿತು, ಸಲಿಬಾ ಮುಂದಿನ ಲಿವರ್‌ಪೂಲ್ ಪಂದ್ಯವನ್ನೂ ಕಳೆದುಕೊಂಡರು.

ಇನ್ನೊಂದು ದೋಷ ಕಾಲಲ್ಲಿ ಚೆಂಡಿದ್ದಾಗಿನದು. 2025ರ ಏಪ್ರಿಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಅಂಗಳದಲ್ಲಿ ಸಾಕಾ ಗೋಲ್ ಹೊಡೆದ ಎರಡೇ ನಿಮಿಷಕ್ಕೆ ಸಲಿಬಾ ಚೆಂಡಿಟ್ಟುಕೊಂಡು ಒಂದು ಕ್ಷಣ ತಡ ಮಾಡಿದರು. ವಿನಿಸಿಯಸ್ ಕಸಿದು ಗೋಲ್ ಮಾಡಿದರು. ಪಂದ್ಯ ಗೆದ್ದದ್ದರಿಂದ ಜನ ಮರೆತರು. ಅವಸರವಿಲ್ಲದ ಗುಣದ ಇನ್ನೊಂದು ಮಗ್ಗುಲು ಇದೇ.

ಪ್ರಶ್ನೆ: 2023ರಲ್ಲಿ ಸಲಿಬಾ ಬೆನ್ನು ಕೈಕೊಟ್ಟಿದ್ದರಿಂದಲೇ ಆರ್ಸೆನಲ್ ಲೀಗ್ ಕಳೆದುಕೊಂಡಿತು ಎನ್ನುತ್ತಾರೆ. ನಿಜವೇ? (ಹುಬ್ಬಳ್ಳಿ)

ಅಂಕಿ ನೋಡಿ. ಸಲಿಬಾ ಆಡಿದ ಮೊದಲ 27 ಲೀಗ್ ಪಂದ್ಯಗಳಲ್ಲಿ ತಂಡ ಬಿಟ್ಟುಕೊಟ್ಟದ್ದು 25 ಗೋಲ್. ಮಾರ್ಚ್ 16ರಂದು ಯುರೋಪಾ ಲೀಗ್‌ನಲ್ಲಿ ಸ್ಪೋರ್ಟಿಂಗ್ ಎದುರು ಬೆನ್ನು ಹಿಡಿದುಕೊಂಡು ಹೊರನಡೆದ ನಂತರದ 11 ಲೀಗ್ ಪಂದ್ಯಗಳಲ್ಲಿ 18 ಗೋಲ್. ಲಿವರ್‌ಪೂಲ್, ವೆಸ್ಟ್ ಹ್ಯಾಮ್, ಸೌತಾಂಪ್ಟನ್ ಎದುರು ಸಾಲಾಗಿ ಮೂರು ಡ್ರಾ, ಆಮೇಲೆ ಮ್ಯಾಂಚೆಸ್ಟರ್ ಸಿಟಿ ಎದುರು 1–4ರ ಸೋಲು.

ಆದರೆ ಸ್ಪೋರ್ಟಿಂಗ್ ಪಂದ್ಯದ ಆ ಸಂಜೆಯೇ ಇನ್ನೊಬ್ಬ ಡಿಫೆಂಡರ್ ತೋಮಿಯಾಸು ಕೂಡ ಗಾಯಗೊಂಡಿದ್ದನ್ನು ಯಾರೂ ಹೇಳುವುದಿಲ್ಲ. ಅವರು ಇದ್ದಿದ್ದರೆ ರೈಟ್ ಬ್ಯಾಕ್ ಅವರಿಗೆ ಬಿಟ್ಟು ವೈಟ್ ಅವರನ್ನು ಮಧ್ಯಕ್ಕೆ ತರಬಹುದಿತ್ತು. ಇಬ್ಬರೂ ಇಲ್ಲದೆ ಮತ್ತೊಬ್ಬ ಸೆಂಟರ್ ಬ್ಯಾಕ್ ಹೋಲ್ಡಿಂಗ್ ಬಂದರು. ಹೋಲ್ಡಿಂಗ್ ಕೆಟ್ಟ ಆಟಗಾರರಲ್ಲ, ಓಟ ಕಡಿಮೆ. ಬೆನ್ನ ಹಿಂದೆ ಚೆಂಡು ಬಿದ್ದರೆ ಹಿಡಿಯಲಾರರೆಂದು ಇಡೀ ಡಿಫೆನ್ಸ್ ಸಾಲು ಹಿಂದೆ ಸರಿದು ನಿಂತಿತು, ಮಿಡ್‌ಫೀಲ್ಡ್‌ಗೂ ಡಿಫೆನ್ಸ್‌ಗೂ ನಡುವೆ ಬಯಲು ಬಿತ್ತು. ಮುಂದಿನ ಋತುವಿನಲ್ಲಿ ಸಲಿಬಾ 38 ಪಂದ್ಯಗಳ ಒಂದೊಂದು ನಿಮಿಷವನ್ನೂ ಆಡಿದರು. ತಂಡ ಬಿಟ್ಟುಕೊಟ್ಟದ್ದು 29 ಗೋಲ್. ಆಗಲೂ ಕಪ್ ಸಿಗಲಿಲ್ಲ, ಸಿಟಿ ಎರಡು ಅಂಕ ಮುಂದಿತ್ತು. ಒಬ್ಬರಿಂದಲೇ ಹೋಯಿತು ಎನ್ನುವವರು ಇದಕ್ಕೂ ಉತ್ತರ ಕೊಡಬೇಕು.

ಪ್ರಶ್ನೆ: ತಂದೆ ಲೆಬನಾನ್ ಮೂಲದವರು, ತಾಯಿ ಕ್ಯಾಮರೂನ್‌ನವರು. ಮುಂದೆ ಆ ದೇಶಗಳಿಗೆ ಆಡಬಹುದೇ? (ಮೈಸೂರು)

ಇಲ್ಲ. 2022ರ ವಿಶ್ವಕಪ್‌ನಲ್ಲಿ ಟುನೀಶಿಯಾ ಎದುರು ಬದಲಿ ಆಟಗಾರರಾಗಿ ಇಳಿದಾಗಲೇ ಆ ದಾರಿ ಮುಚ್ಚಿತು. ವಿಶ್ವಕಪ್‌ನ ಮುಖ್ಯ ಟೂರ್ನಿಯಲ್ಲಿ ಆಡಿದವರು ದೇಶ ಬದಲಿಸುವಂತಿಲ್ಲ.

ಪ್ರಶ್ನೆ: ಇಷ್ಟು ದೊಡ್ಡ ಮೊತ್ತದಲ್ಲಿ ಚಿಕ್ಕಂದಿನಲ್ಲಿ ಕಲಿಸಿದ ಊರ ಕ್ಲಬ್‌ಗೆ ಏನಾದರೂ ಸಿಗುತ್ತದೆಯೇ? (ಬೆಳಗಾವಿ)

ಸಿಗುತ್ತದೆ. ಒಂದು ದೇಶದಿಂದ ಇನ್ನೊಂದಕ್ಕೆ ಮಾರಾಟವಾದಾಗ ಮೊತ್ತದ ಶೇ 5 ಭಾಗವನ್ನು 12ರಿಂದ 23ರ ವಯಸ್ಸಿನಲ್ಲಿ ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಹಂಚಬೇಕೆಂಬುದು ಫಿಫಾ ನಿಯಮ. 12ರಿಂದ 15ರವರೆಗಿನ ಪ್ರತಿ ಋತುವಿಗೆ ಒಟ್ಟು ಮೊತ್ತದ ಶೇ 0.25, 16ರ ನಂತರ ಪ್ರತಿ ಋತುವಿಗೆ ಶೇ 0.5. ಸಲಿಬಾ 2014ರಿಂದ 2016ರವರೆಗೆ ಮಾಂಫರ್ಮೇಲ್ ಎಂಬ ಪುಟ್ಟ ಕ್ಲಬ್‌ನಲ್ಲಿದ್ದರು. ಎರಡು ಋತುವಿಗೆ ಶೇ 0.5; 2.7 ಕೋಟಿ ಪೌಂಡ್ ಮೇಲೆ ಲೆಕ್ಕ ಹಾಕಿದರೆ 1,35,000 ಪೌಂಡ್. ಚೆಂಡು, ಜರ್ಸಿ, ಬಸ್ ಬಾಡಿಗೆಗೆ ಪರದಾಡುವ ಕ್ಲಬ್‌ಗೆ ಇದು ಹಲವು ವರ್ಷದ ಖರ್ಚು. ಆಟಗಾರ ಯಾವ ಋತುವಿನಲ್ಲಿ ಎಲ್ಲಿ ನೋಂದಣಿಯಾಗಿದ್ದ ಎಂಬ ದಾಖಲೆ ಇಲ್ಲದಿದ್ದರೆ ಈ ದುಡ್ಡು ಕೈತಪ್ಪುತ್ತದೆ. ನಮ್ಮೂರ ಕ್ಲಬ್‌ಗಳೂ ಹುಡುಗರ ನೋಂದಣಿಯನ್ನು ಪ್ರತಿ ವರ್ಷ ತಪ್ಪದೆ ಮಾಡಿಸಿಡಬೇಕಾದದ್ದು ಇದಕ್ಕೇ.

ಪ್ರಶ್ನೆ: ಮಗನಿಗೆ 14. ಫ್ರಾನ್ಸ್‌ನ ಅಕಾಡೆಮಿಗೆ ಸೇರಿಸಬಹುದೇ? ಏಜೆಂಟ್ ಒಬ್ಬರು ಹಣ ಕೇಳುತ್ತಿದ್ದಾರೆ. (ಬೆಂಗಳೂರು)

ಹಣ ಕೊಡಬೇಡಿ. 18 ತುಂಬದ ಆಟಗಾರ ದೇಶ ಬದಲಿಸಿ ಕ್ಲಬ್‌ಗೆ ನೋಂದಣಿಯಾಗಲು ಫಿಫಾ ಬಿಡುವುದಿಲ್ಲ. 16ಕ್ಕೇ ಹೋಗಬಹುದೆಂಬ ರಿಯಾಯಿತಿ ಐರೋಪ್ಯ ಒಕ್ಕೂಟ ಮತ್ತು ಐರೋಪ್ಯ ಆರ್ಥಿಕ ವಲಯದ ಒಳಗೆ ಓಡಾಡುವವರಿಗೆ. ನಿಮಗೆ ಅನ್ವಯಿಸಬಹುದಾದ ವಿನಾಯಿತಿ ಒಂದೇ: ತಂದೆ ತಾಯಿ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಅಲ್ಲಿಗೆ ಮನೆ ಬದಲಿಸಿರಬೇಕು, ಉದಾಹರಣೆಗೆ ಟುಲೂಸ್‌ನ ವಿಮಾನ ಕಂಪನಿಯ ಕೆಲಸಕ್ಕೆ. ಆಗಲೂ ಉದ್ಯೋಗದ ಕರಾರು, ವಾಸದ ಪರವಾನಗಿ, ಮಗನ ಜನನ ಪ್ರಮಾಣಪತ್ರ ಇತ್ಯಾದಿ ಜೋಡಿಸಿ ಫ್ರೆಂಚ್ ಫೆಡರೇಷನ್ ಮೂಲಕ ಫಿಫಾಗೆ ಅರ್ಜಿ ಹೋಗಬೇಕು. ಮಗ ಕ್ಲಬ್ ಸೇರಿದ ಮೇಲೆ ತಂದೆಗೆ ಕೆಲಸ ಹುಟ್ಟಿದ್ದು ಕಂಡುಬಂದರೆ ಅರ್ಜಿ ಬಿದ್ದುಹೋಗುತ್ತದೆ.