ಗಂಟೇ ಇರಲಿಲ್ಲ, ತೊಟ್ಟಿನ ಮೇಲೆ ಹೊಟ್ಟು ಏಳುತ್ತಿತ್ತು ಅಷ್ಟೇ

ನಿಮ್ಮ ಅಮ್ಮನಿಗೆ 58 ವರ್ಷ. ಮೂರು ತಿಂಗಳಿಂದ ಬಲಗಡೆ ಮೊಲೆತೊಟ್ಟಿನ ಮೇಲೆ ಹೊಟ್ಟು ಏಳುತ್ತಿದೆ, ಕ್ರೀಮ್ ಹಚ್ಚಿದರೆ ಕಡಿಮೆಯಾಗಿ ಮತ್ತೆ ಬರುತ್ತದೆ, ಕೈಗೆ ಗಂಟು ಸಿಗುತ್ತಿಲ್ಲ. ತೋರಿಸೋಣ ಬಾ ಅಂದರೆ "ಬರೀ ಕಜ್ಜಿ, ಸುಮ್ನಿರು" ಅನ್ನುತ್ತಾರೆ ಅಂತ ಬರೆದಿದ್ದೀರಿ. ಗಂಟಿಲ್ಲದೆಯೂ ಕ್ಯಾನ್ಸರ್ ಇರಬಹುದಾ ಅನ್ನೋದು ನಿಮ್ಮ ಪ್ರಶ್ನೆ.

ಇರಬಹುದು. ನನಗೆ ಇತ್ತು. ಹಾಗಂತ ನಿಮ್ಮ ಅಮ್ಮನಿಗೂ ಅದೇ ಅಂತ ನಾನು ಹೇಳುತ್ತಿಲ್ಲ, ಸಾಮಾನ್ಯ ಎಕ್ಸಿಮಾ (ಚರ್ಮ ಕೆಂಪಾಗಿ ತುರಿಸುವ ತೊಂದರೆ) ಕೂಡ ಹೀಗೇ ಕಾಣುತ್ತದೆ. ಆದರೆ ಈ ವಾರವೇ ತೋರಿಸಿ.

ನನಗಾಗ 52. ಮೊದಲು ಕಂಡಿದ್ದು ಬ್ರಾ ಒಳಗೆ ಒಂದು ಕಂದು ಚುಕ್ಕೆ, ಸಾಸಿವೆ ಕಾಳಿನಷ್ಟು. ಸೋಪು ಹಚ್ಚಿ ಉಜ್ಜಿದೆ, ಹೋಯಿತು. ಎರಡು ದಿನ ಬಿಟ್ಟು ಅದೇ ಜಾಗದಲ್ಲಿ ಮತ್ತೆ. ಆಮೇಲೆ ತೊಟ್ಟಿನ ತುದಿಯಲ್ಲಿ ತುರಿಕೆ, ಸ್ವಲ್ಪ ಉರಿ. ರಾತ್ರಿ ಒಸರಿದ್ದು ಒಣಗಿ ಬಟ್ಟೆಗೆ ಅಂಟಿಕೊಳ್ಳುತ್ತಿತ್ತು. ಬೆಳಿಗ್ಗೆ ಬಚ್ಚಲಲ್ಲಿ ಬೆಚ್ಚಗಿನ ನೀರು ಹಾಕಿ, ನೆನೆಸಿ, ಮೆಲ್ಲಗೆ ಬಿಡಿಸಬೇಕಿತ್ತು. ಇಷ್ಟಾದರೂ ಯಾರಿಗೂ ಹೇಳಲಿಲ್ಲ.

ಮೆಡಿಕಲ್ ಶಾಪಿಗೆ ಹೋಗಿ ಏನು ಹೇಳಿದೆ ಗೊತ್ತಾ? "ಎದೆ ಹತ್ರ ಅಲರ್ಜಿ ಆಗಿದೆ." ತೊಟ್ಟು ಅನ್ನುವ ಮಾತು ಬಾಯಿಗೆ ಬರಲಿಲ್ಲ. ಕೌಂಟರಿನ ಹುಡುಗ ಒಂದು ಟ್ಯೂಬ್ ಕೊಟ್ಟ. ನಾಲ್ಕೇ ದಿನಕ್ಕೆ ಕೆಂಪು ಇಳಿಯಿತು. ಹಚ್ಚೋದು ಬಿಟ್ಟ ಮೇಲೆ ಮತ್ತೆ ಬಂತು. ಇನ್ನೊಂದು ಟ್ಯೂಬ್. ಮನೆ ಹತ್ತಿರದ ಕ್ಲಿನಿಕ್ಕಿಗೂ ಹೋದೆ, ಅಲ್ಲೂ ಅದೇ ಎದೆ, ಅದೇ ಅಲರ್ಜಿ. ಅವರು ನೋಡಬೇಕು ಅನ್ನಲಿಲ್ಲ, ನಾನೂ ತೋರಿಸಲಿಲ್ಲ. ಹೀಗೇ ಐದು ತಿಂಗಳು ಕಳೆಯಿತು.

ಕ್ರೀಮಿನಲ್ಲಿದ್ದ ಸ್ಟೀರಾಯ್ಡ್ ಮೇಲಿನ ಕೆಂಪು, ತುರಿಕೆ ಇಳಿಸುತ್ತದೆ. ಚರ್ಮದೊಳಗೆ ಸೇರಿಕೊಂಡ ಕ್ಯಾನ್ಸರ್ ಕಣಗಳು ಅಲ್ಲೇ ಇರುತ್ತವೆ. ಅದಕ್ಕೇ ಕಡಿಮೆಯಾಗೋದು, ಮತ್ತೆ ಬರೋದು. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಒಂದು ಸಾಲೇ.

ಇದಕ್ಕೆ ಪ್ಯಾಜೆಟ್ ಕಾಯಿಲೆ ಅಂತಾರೆ. 1874ರಲ್ಲಿ ಲಂಡನ್ನಿನ ಸರ್ಜನ್ ಜೇಮ್ಸ್ ಪ್ಯಾಜೆಟ್ ಇದರ ಬಗ್ಗೆ ಬರೆದರು. ತೊಟ್ಟಿನ ಮೇಲೆ ಎಷ್ಟು ದಿನವಾದರೂ ವಾಸಿಯಾಗದ ಹುಣ್ಣಿದ್ದ ಹೆಂಗಸರಿಗೆ ಹೆಚ್ಚೆಂದರೆ ಎರಡು ವರ್ಷದೊಳಗೆ ಅದೇ ಸ್ತನದ ಒಳಗೆ ಕ್ಯಾನ್ಸರ್ ಬಂದಿದ್ದನ್ನು ಅವರು ಗಮನಿಸಿದ್ದರು. ಸ್ತನ ಕ್ಯಾನ್ಸರ್ ಬಂದ ನೂರು ಜನರಲ್ಲಿ ಒಬ್ಬರಿಂದ ಮೂವರಿಗೆ ಮಾತ್ರ ಇದು ಇರುತ್ತದೆ. ಅಪರೂಪ, ಅದಕ್ಕೇ ಯಾರ ತಲೆಗೂ ಬೇಗ ಹೊಳೆಯೋದಿಲ್ಲ.

ಎಕ್ಸಿಮಾ ಆದರೆ ಹೆಚ್ಚಾಗಿ ಎರಡೂ ಕಡೆ ಬರುತ್ತದೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗದಲ್ಲಿ ಶುರುವಾಗುತ್ತದೆ. ಪ್ಯಾಜೆಟ್ ಸಾಮಾನ್ಯವಾಗಿ ಒಂದೇ ಕಡೆ, ತೊಟ್ಟಿನಲ್ಲೇ ಶುರುವಾಗಿ ಆಮೇಲೆ ಸುತ್ತ ಹರಡುತ್ತದೆ. ಆದರೆ ಇದನ್ನು ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಬಯಾಪ್ಸಿ, ಅಂದರೆ ಆ ಜಾಗದ ಒಂದು ಚೂರು ತೆಗೆದು ಲ್ಯಾಬಿನಲ್ಲಿ ಪರೀಕ್ಷಿಸೋದು, ಒಂದೇ ದಾರಿ.

ನನಗೆ ಮಾಡಿದ್ದು ಪಂಚ್ ಬಯಾಪ್ಸಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟಾಗ ಚುರ್ರ್ ಅಂತು, ಆಮೇಲೆ ನೋವಿಲ್ಲ. ಪೆನ್ನಿನಂಥ ಸಾಧನದಿಂದ ಅಕ್ಕಿ ಕಾಳಿಗಿಂತ ಚಿಕ್ಕ ಚರ್ಮದ ಚೂರು ತೆಗೆದರು, ಒಂದು ಹೊಲಿಗೆ ಹಾಕಿದರು. ಅರ್ಧ ಗಂಟೆಗೆ ಹೊರಗೆ ಬಂದೆ. "ಸೂಜಿ ಚುಚ್ಚಿದರೆ ಹರಡುತ್ತೆ" ಅಂತ ನಮ್ಮ ಕಡೆ ಹೇಳುತ್ತಾರೆ. ನಮ್ಮತ್ತೆಯೂ ಹೇಳಿದ್ದರು. ಆ ಭಯಕ್ಕೆ ಬಯಾಪ್ಸಿ ಮುಂದೂಡಬೇಡಿ. ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಕೂಡ ಮಾಡುತ್ತಾರೆ. ನನ್ನದರಲ್ಲಿ ತೊಟ್ಟಿನ ಹಿಂದೆ ಸುಣ್ಣದ ಪುಡಿ ಉದುರಿಸಿದ ಹಾಗೆ ಚುಕ್ಕೆಗಳಿದ್ದವು. ಕ್ಯಾನ್ಸರ್ ಇನ್ನೂ ಹಾಲಿನ ನಾಳದ ಗೋಡೆ ದಾಟಿರಲಿಲ್ಲ. ತೊಟ್ಟು, ಸುತ್ತಲಿನ ಭಾಗ, ಅದರ ಹಿಂದಿನದ್ದು ಇಷ್ಟನ್ನೇ ತೆಗೆದು, ಮೂರು ವಾರ ರೇಡಿಯೇಷನ್ ಕೊಟ್ಟರು. ಮ್ಯಾಮೋಗ್ರಾಂ ನಾರ್ಮಲ್ ಬಂದರೂ ಬಯಾಪ್ಸಿ ಬೇಡ ಅನ್ನಬೇಡಿ, ಈ ಕಾಯಿಲೆ ಇದ್ದೂ ಅದರಲ್ಲಿ ಏನೂ ಕಾಣದೆ ಇರಬಹುದು.

ರೇಡಿಯೇಷನ್ ಸಾಲಿನಲ್ಲಿ ನನ್ನ ಪಕ್ಕ ಒಬ್ಬ ಹುಡುಗಿ ಕೂರುತ್ತಿದ್ದಳು, ಚಿಕ್ಕ ಮಗುವಿನ ತಾಯಿ. ಅವಳಿಗೂ ಗಂಟು ಇರಲಿಲ್ಲ. ಒಂದು ಸ್ತನ ಕೆಂಪಾಗಿ, ಬಿಸಿಯಾಗಿ, ಎರಡು ಮೂರು ವಾರದಲ್ಲೇ ಊದಿಕೊಂಡಿತ್ತು. ಹಾಲು ಕಟ್ಟಿದೆ ಅಂತ ಎಲ್ಲರೂ ಅಂದರು. ಜ್ವರ ಇರಲಿಲ್ಲ, ಆಂಟಿಬಯೋಟಿಕ್ ಮುಗಿದರೂ ಊತ ಇಳಿಯಲಿಲ್ಲ. ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಗುಳಿ ಆಯಿತು. ಚರ್ಮದ ಕೆಳಗಿನ ದುಗ್ಧರಸ ನಾಳಗಳಲ್ಲಿ (ಹಾಲಿನ ನಾಳವಲ್ಲ, ಮೈಯೊಳಗಿನ ನೀರು ಸಾಗಿಸುವ ಸಣ್ಣ ನಾಳಗಳು) ಕ್ಯಾನ್ಸರ್ ಕಣ ಕಟ್ಟಿಕೊಂಡಾಗ ನೀರು ಹರಿಯದೆ ಹೀಗಾಗುತ್ತದಂತೆ. ಇದು ನನ್ನದಕ್ಕಿಂತ ತುಂಬಾ ವೇಗದ್ದು, ಉರಿಯೂತದ ಸ್ತನ ಕ್ಯಾನ್ಸರ್. ಔಷಧಿ ಶುರುಮಾಡಿ ವಾರ ಹತ್ತು ದಿನವಾದರೂ ಊತ ಇಳಿಯದಿದ್ದರೆ ಅದೇ ಮಾತ್ರೆ ಮುಂದುವರಿಸದೆ ವಾಪಸ್ ಹೋಗಿ ತೋರಿಸಬೇಕು.

ಇನ್ನು ಕೆಲವು ಇವೆ, ಚಿಕ್ಕದಾಗಿ ಹೇಳುತ್ತೇನೆ. ಹಿಂಡದೆಯೇ ಒಂದೇ ತೊಟ್ಟಿನಿಂದ ರಕ್ತ ಅಥವಾ ನೀರಿನಂಥದ್ದು ಬರೋದು. ಹೊರಗಿದ್ದ ತೊಟ್ಟು ಈಚೆಗೆ ಒಳಗೆ ಎಳೆದುಕೊಂಡಿರೋದು (ಹುಟ್ಟಿನಿಂದಲೇ ಹಾಗಿದ್ದರೆ ಹೆದರಬೇಕಿಲ್ಲ). ಕನ್ನಡಿ ಮುಂದೆ ಕೈ ಎತ್ತಿದಾಗ ಒಂದು ಕಡೆ ಚರ್ಮ ಗುಳಿ ಬೀಳೋದು. ಕಂಕುಳಲ್ಲಿ ಗಂಟು. ಒಂದು ಬಗೆಯ ಸ್ತನ ಕ್ಯಾನ್ಸರಿನಲ್ಲಿ ಕಣಗಳು ಸಾಲಾಗಿ ಹರಡಿ, ಗಂಟಾಗುವ ಬದಲು ಆ ಜಾಗ ಸ್ವಲ್ಪ ದಪ್ಪ ಅನಿಸಬಹುದು ಅಷ್ಟೇ. ಗಂಡಸರಿಗೂ ಬರುತ್ತದೆ, ನೂರರಲ್ಲಿ ಒಂದು ಅವರದ್ದು.

ಯಾರಿಗೆ ತೋರಿಸೋದು? ಸ್ತನದ ತೊಂದರೆ ನೋಡೋದು ಸರ್ಜನ್. ಜಿಲ್ಲಾಸ್ಪತ್ರೆಯ ಸರ್ಜರಿ ಹೊರರೋಗಿ ವಿಭಾಗಕ್ಕೆ ಹೋಗಿ, ಲೇಡಿ ಡಾಕ್ಟರ್ ಬೇಕು ಅಂತ ಕೇಳಿ, ಅದರಲ್ಲಿ ಸಂಕೋಚ ಬೇಡ. ಮುಂದೆ ಬೇಕಾದರೆ ಬೆಂಗಳೂರಿನ ಕಿದ್ವಾಯಿ ಇದೆ, 1973ರಿಂದ ಇರುವ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗೆ ಇಟ್ಟುಕೊಳ್ಳಿ.

ಅಮ್ಮನ ಜೊತೆ ನೀವೂ ಒಳಗೆ ಹೋಗಿ. ನನ್ನನ್ನು ಕೊನೆಗೆ ಕರೆದುಕೊಂಡು ಹೋಗಿದ್ದು ನನ್ನ ಮಗಳು. ಕುರ್ಚಿಯಲ್ಲಿ ಕೂತು ನಾನು ಮತ್ತೆ "ಎದೆ ಹತ್ರ" ಅಂತ ಶುರುಮಾಡಿದೆ. ಅವಳು ನನ್ನ ಕೈ ಹಿಡಿದುಕೊಂಡು, "ಎಡಗಡೆ ತೊಟ್ಟು ಡಾಕ್ಟರೇ, ಐದು ತಿಂಗಳಾಯ್ತು, ಕ್ರೀಮಿಗೆ ಹೋಗಿ ಹೋಗಿ ಬರ್ತಿದೆ" ಅಂದಳು. ಡಾಕ್ಟರ್ ಎದ್ದು ಪರದೆ ಎಳೆದರು. ನಿಮ್ಮ ಅಮ್ಮನಿಗೆ ಬಾಯಿ ಬರದಿದ್ದರೆ ಇಷ್ಟನ್ನು ನೀವು ಹೇಳಿ: ಬಲಗಡೆ, ತೊಟ್ಟಿನ ಮೇಲೆ, ಮೂರು ತಿಂಗಳು, ಯಾವ ಕ್ರೀಮ್. ಖಾಲಿ ಟ್ಯೂಬನ್ನೂ ಜೊತೆಗೆ ತೆಗೆದುಕೊಂಡು ಹೋಗಿ.